ಕುದುರೆಯ ವೇಗದಲ್ಲಿ ಒಂದು ಸಾಮ್ರಾಜ್ಯ: ನೆಪೋಲಿಯನ್ ಪತ್ರ ಬರೆದೇ ದೇಶ ಆಳಿದ್ದು ಹೇಗೆ?

ಪೂರ್ವ ಪ್ರಷ್ಯದಲ್ಲಿ ಫಿಂಕೆನ್‌ಸ್ಟೈನ್ ಎಂಬ ಊರಿತ್ತು. ಇಂದು ಅದು ಪೋಲೆಂಡಿಗೆ ಸೇರಿದೆ. 1807ರ ಏಪ್ರಿಲ್ ಮೊದಲಿನಿಂದ ಜೂನ್ ಮೊದಲ ವಾರದವರೆಗೆ ಅಲ್ಲಿನ ಅರಮನೆಯಂಥ ಮನೆಯೊಂದರಲ್ಲಿ ನೆಪೋಲಿಯನ್ ಬಿಡಾರ ಹೂಡಿದ್ದ. ಫೆಬ್ರುವರಿಯಲ್ಲಿ ಐಲೌ ಬಯಲಿನ ಹಿಮದ ಮೇಲೆ ಅವನ ಸೈನಿಕರು ಸಾವಿರಾರು ಸಂಖ್ಯೆಯಲ್ಲಿ ಸತ್ತು ಬಿದ್ದಿದ್ದರು. ರಷ್ಯದ ಸೇನೆ ಇನ್ನೂ ಎದುರಿಗೇ ಇತ್ತು. ಡಾನ್ಜಿಗ್ ಕೋಟೆಯ ಮುತ್ತಿಗೆ ಮುಗಿದಿರಲಿಲ್ಲ. ಇಷ್ಟೆಲ್ಲದರ ನಡುವೆ ಮೇ 15ರಂದು ಅವನು ಕುಳಿತು ಒಂದು ಉದ್ದನೆಯ ಟಿಪ್ಪಣಿ ಬರೆಸಿದ. ಅದರ ವಿಷಯ ಹೆಣ್ಣುಮಕ್ಕಳ ಶಾಲೆ.

ಪ್ಯಾರಿಸ್ ಬಳಿಯ ಎಕುವಾಂ ಎಂಬಲ್ಲಿ ಲೀಜನ್ ಆಫ್ ಆನರ್ ಗೌರವ ಪಡೆದವರ ಹೆಣ್ಣುಮಕ್ಕಳಿಗಾಗಿ ವಸತಿಶಾಲೆ ಶುರುವಾಗಲಿತ್ತು. ಅಲ್ಲಿ ಏನು ಕಲಿಸಬೇಕು? ಲೆಕ್ಕ, ತಪ್ಪಿಲ್ಲದ ಬರವಣಿಗೆ, ಸ್ವಲ್ಪ ಭೂಗೋಳ, ಸ್ವಲ್ಪ ಇತಿಹಾಸ, ಹೊಲಿಗೆ, ಬ್ರೆಡ್ ಮಾಡುವುದು. ಲ್ಯಾಟಿನ್ ಬೇಡ. ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುವಂತಾಗಬೇಕು. ‘ನಮಗೆ ದೈವಭಕ್ತ ಹೆಣ್ಣುಮಕ್ಕಳನ್ನು ಬೆಳೆಸಿಕೊಡಿ, ತರ್ಕ ಮಾಡುವವರನ್ನಲ್ಲ’ ಎಂಬ ಮಾತೂ ಅದರಲ್ಲಿದೆ. ಇಂದು ಓದುವಾಗ ಆ ಸಾಲು ಮೈ ಉರಿಸುತ್ತದೆ, ಉರಿಸಲೇಬೇಕು. ಆದರೆ ನನ್ನನ್ನು ಮತ್ತೆ ಮತ್ತೆ ಎಳೆಯುವುದು ಬೇರೊಂದು ಸಂಗತಿ. ರಾಜಧಾನಿಯಿಂದ ಸಾವಿರ ಕಿಲೋಮೀಟರಿಗೂ ಮಿಕ್ಕಿದ ದೂರದಲ್ಲಿ, ಯುದ್ಧದ ನಡುವೆ, ಒಬ್ಬ ಮನುಷ್ಯ ಶಾಲೆಯ ಹೊಲಿಗೆ ತರಗತಿಯವರೆಗೂ ತೀರ್ಮಾನ ಮಾಡುತ್ತಿದ್ದಾನೆ. ಇದು ನಡೆಯುತ್ತಿದ್ದದ್ದು ಹೇಗೆ?

ಅದು ಒಂದು ದಿನದ ಹುಮ್ಮಸ್ಸೂ ಆಗಿರಲಿಲ್ಲ. 1806ರ ಸೆಪ್ಟೆಂಬರ್ 25ರಂದು ಪ್ಯಾರಿಸ್ ಬಿಟ್ಟವನು ಮರಳಿ ಬಂದದ್ದು 1807ರ ಜುಲೈ 27ರಂದು. ಹತ್ತು ತಿಂಗಳು ಫ್ರಾನ್ಸನ್ನು ಆಳಿದ್ದು ಕುದುರೆಯ ಬೆನ್ನೇರಿ ಬಂದುಹೋದ ಕಾಗದಗಳು. ಇಂಗ್ಲೆಂಡಿನ ವ್ಯಾಪಾರಕ್ಕೆ ಯುರೋಪಿನ ಬಾಗಿಲು ಮುಚ್ಚುವ ಆಜ್ಞೆ 1806ರ ನವೆಂಬರ್ 21ರಂದು ಬರ್ಲಿನ್‌ನಿಂದ ಹೊರಟಿತು. ಇಂದು ಪ್ಯಾರಿಸ್‌ನ ನಡುವೆ ನಿಂತಿರುವ ಮದಲೆನ್ ಕಟ್ಟಡವನ್ನು ಸೇನೆಯ ಕೀರ್ತಿಮಂದಿರವಾಗಿ ಕಟ್ಟಬೇಕೆಂಬ ಆಜ್ಞೆ ಡಿಸೆಂಬರ್ 2ರಂದು ಪೋಸೆನ್‌ನಿಂದ ಹೋಯಿತು. ತಮ್ಮನ ಪುಟ್ಟ ಮಗ ಗಂಟಲ ಬೇನೆಯಿಂದ ತೀರಿಕೊಂಡ ಸುದ್ದಿ ಫಿಂಕೆನ್‌ಸ್ಟೈನ್ ತಲುಪಿದ ಮೇಲೆ, ಆ ರೋಗಕ್ಕೆ ಅತ್ಯುತ್ತಮ ಚಿಕಿತ್ಸೆಯ ಬಗ್ಗೆ ಬರೆದವರಿಗೆ 12,000 ಫ್ರಾಂಕ್ ಬಹುಮಾನವನ್ನು ಅಲ್ಲಿಂದಲೇ ಘೋಷಿಸಿದ. ಅವನ ಹೆಸರಿನಲ್ಲಿ ಉಳಿದಿರುವ ಪತ್ರಗಳು 40,000ಕ್ಕೂ ಹೆಚ್ಚು. 2004ರಿಂದ 2018ರವರೆಗೆ ಅವು 15 ಸಂಪುಟಗಳಲ್ಲಿ ಅಚ್ಚಾಗಿವೆ.

ಈ ವ್ಯವಸ್ಥೆಗೆ ಎರಡು ತುದಿ, ನಡುವೆ ಒಂದು ದಾರಿ. ಮೊದಲು ಪ್ಯಾರಿಸ್ ತುದಿ. ಸಾಮ್ರಾಟ ಊರಲ್ಲಿಲ್ಲದಾಗ ಮಂತ್ರಿಗಳ ಸಭೆಯನ್ನು ನಡೆಸುತ್ತಿದ್ದವನು ಕಾಂಬಸೆರೆಸ್. ದೊಡ್ಡ ಕಾನೂನು ಪಂಡಿತ, ಬಲು ಜಾಗರೂಕ. ಸಭೆ ಸೇರುತ್ತಿತ್ತು, ವಿಷಯಗಳು ಚರ್ಚೆಯಾಗುತ್ತಿದ್ದವು, ಕಡತ ತಯಾರಾಗುತ್ತಿತ್ತು. ಸಹಿ ಮಾತ್ರ ರಣರಂಗದಲ್ಲಿರುವವನದು. ಮಂತ್ರಿಗಳ ಕಡತಗಳನ್ನೆಲ್ಲ ಚೀಲಕ್ಕೆ ತುಂಬಿ, ರಾಜ್ಯಸಭಾಮಂಡಳಿಯ ಕಿರಿಯ ಅಧಿಕಾರಿಯೊಬ್ಬನ ಕೈಗೆ ಕೊಟ್ಟು ಸೇನಾ ಶಿಬಿರಕ್ಕೆ ಅಟ್ಟುತ್ತಿದ್ದರು. ಆ ಹುಡುಗರು ಜರ್ಮನಿ, ಪೋಲೆಂಡ್ ದಾಟಿ, ಮೈಯೆಲ್ಲ ಕೆಸರು ಮಾಡಿಕೊಂಡು ಬಂದು ಕಡತ ಒಪ್ಪಿಸುತ್ತಿದ್ದರು. ಇದರ ಜೊತೆಗೆ ಪೊಲೀಸ್ ಮಂತ್ರಿ ಫೂಶೆಯ ಗುಪ್ತ ವರದಿ ಪ್ರತಿದಿನವೂ ಪ್ರತ್ಯೇಕವಾಗಿ ಹೋಗುತ್ತಿತ್ತು. ಒಬ್ಬ ಮಂತ್ರಿ ಹೇಳಿದ್ದನ್ನು ಇನ್ನೊಬ್ಬನ ವರದಿಯೊಂದಿಗೆ ತಾಳೆ ನೋಡುವುದು ನೆಪೋಲಿಯನ್ನನ ಕ್ರಮ.

ಇನ್ನೊಂದು ತುದಿ ಅವನ ಡೇರೆ. ಅವನ ಕೈಬರಹವನ್ನು ಯಾರಿಗೂ ಓದಲಾಗುತ್ತಿರಲಿಲ್ಲ. ಹಾಗಾಗಿ ಕೋಣೆಯಲ್ಲಿ ಅತ್ತಿಂದಿತ್ತ ನಡೆದಾಡುತ್ತ ಹೇಳುವುದು, ಕಾರ್ಯದರ್ಶಿ ಮೆನೆವಾಲ್ ಬರೆದುಕೊಳ್ಳುವುದು. ಮಾತಿನ ವೇಗಕ್ಕೆ ಲೇಖನಿ ಸಾಲದು, ತಡೆದು ಕೇಳುವಂತಿಲ್ಲ. ಮೆನೆವಾಲ್ ಮುಖ್ಯ ಪದಗಳನ್ನಷ್ಟೇ ಗುರುತು ಹಾಕಿಕೊಂಡು ಆಮೇಲೆ ಪತ್ರವನ್ನು ಕಟ್ಟುತ್ತಿದ್ದ. ಕರಡನ್ನು ಇಟ್ಟುಕೊಂಡು ಶುದ್ಧಪ್ರತಿಯನ್ನು ಕಳಿಸುತ್ತಿದ್ದರು. ಇಂದು ಇಷ್ಟೊಂದು ಪತ್ರಗಳು ನಮ್ಮ ಕೈಗೆ ಸಿಕ್ಕಿರುವುದಕ್ಕೆ ಆ ಕರಡುಗಳು ದೊಡ್ಡ ಕಾರಣ. ರಾಜ್ಯ ಕಾರ್ಯದರ್ಶಿ ಮಾರೆ ಕೂಡ ದಂಡಿನ ಜೊತೆಗೇ ಇರುತ್ತಿದ್ದ. ಅಂದರೆ ಕಚೇರಿಯೇ ಗಾಡಿ ಹತ್ತಿ ಸೇನೆಯ ಹಿಂದೆ ಹೊರಟಂತೆ.

ನಿಜವಾದ ಜಾಣ್ಮೆ ಇದ್ದದ್ದು ನಡುವಿನ ದಾರಿಯಲ್ಲಿ. ಪತ್ರ ಕಳೆದುಹೋದರೆ ಏನಾಗುತ್ತದೆ ಎಂಬುದು ನೆಪೋಲಿಯನ್ನನಿಗೆ ಚೆನ್ನಾಗಿ ಗೊತ್ತಿತ್ತು. ಅದರಲ್ಲಿ ನಮ್ಮ ನೆಲಕ್ಕೂ ಒಂದು ಎಳೆ ಇದೆ. 1799ರ ಜನವರಿ 25ರಂದು, ಈಜಿಪ್ಟಿನಲ್ಲಿದ್ದಾಗ, ಅವನು ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನಿಗೆ ಒಂದು ಪತ್ರ ಬರೆದ. ಅಪಾರ ಸೇನೆಯೊಂದಿಗೆ ಕೆಂಪು ಸಮುದ್ರದ ದಡಕ್ಕೆ ಬಂದಿದ್ದೇನೆ, ಇಂಗ್ಲಿಷರ ನೊಗದಿಂದ ನಿಮ್ಮನ್ನು ಬಿಡಿಸಬೇಕೆಂದಿದ್ದೇನೆ, ನಿಮ್ಮ ಕಡೆಯಿಂದ ನಂಬಿಕಸ್ಥನೊಬ್ಬನನ್ನು ಕಳಿಸಿ ಎಂಬುದು ಅದರ ಸಾರ. ಮೆಕ್ಕಾದ ಶರೀಫನ ಮೂಲಕ ಹೊರಟ ಆ ಪತ್ರ ಅರಬಸ್ಥಾನದ ಕರಾವಳಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿತು. ಮೇ 4ರಂದು ಟಿಪ್ಪು ಕೋಟೆಯ ಕಾಳಗದಲ್ಲಿ ಮಡಿದ. ಆ ಪತ್ರ ತಲುಪಿದ್ದರೂ ಶ್ರೀರಂಗಪಟ್ಟಣ ಉಳಿಯುತ್ತಿತ್ತೆಂದು ನಾನು ನಂಬುವುದಿಲ್ಲ. ಕೆಂಪು ಸಮುದ್ರದ ದಡದಿಂದ ಕಾವೇರಿಗೆ ಸೇನೆ ತರಲು ಹಡಗು ಬೇಕು, ನೆಪೋಲಿಯನ್ನನ ನೌಕಾಪಡೆ ಹಿಂದಿನ ಆಗಸ್ಟಿನಲ್ಲೇ ನಾಶವಾಗಿತ್ತು. ಆದರೂ ಎರಡು ದಂಡಿನ ನಡುವೆ ಸಿಕ್ಕಿಬಿದ್ದ ಆ ಒಂದು ಹಾಳೆಯನ್ನು ನೆನೆದಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ಸಾಮ್ರಾಟನಾದ ಮೇಲೆ ಅಂಚೆಯನ್ನು ಅವನು ತನ್ನ ಹಳೆಯ ಸೇನಾ ಸಹಾಯಕ ಲವಾಲೆಟ್ಟನಿಗೆ ವಹಿಸಿದ. ಅಲ್ಲಿಯವರೆಗೆ ಸರ್ಕಾರಿ ಪತ್ರ ಒಯ್ಯುತ್ತಿದ್ದದ್ದು ಒಬ್ಬನೇ ಸವಾರ. ಕುದುರೆ ಬದಲಾಗುತ್ತಿತ್ತು, ಮನುಷ್ಯ ಬದಲಾಗುತ್ತಿರಲಿಲ್ಲ. ದಿನಗಟ್ಟಲೆ ನಿದ್ದೆಗೆಟ್ಟು ಓಡುವ ಅವನು ಜ್ವರ ಬಂದು ಮಲಗಿದರೆ ಸಾಮ್ರಾಜ್ಯದ ಟಪಾಲೂ ಅವನೊಂದಿಗೇ ಮಲಗಿತು. ಲವಾಲೆಟ್ ಇದನ್ನು ಬದಲಿಸಿದ. ಕುದುರೆ ಬದಲಿಸುವ ಪ್ರತಿ ಠಾಣೆಯಲ್ಲೂ ಸವಾರನೂ ಬದಲಾಗಬೇಕು. ಮುಂದಕ್ಕೆ ಹೋಗುವುದು ಚೀಲ ಮಾತ್ರ. ಎಸ್ತಾಫೆತ್ ಎಂದು ಇದರ ಹೆಸರು. ಚೀಲಕ್ಕೆ ಬೀಗ. ಒಂದು ಬೀಗದ ಕೈ ಲವಾಲೆಟ್ ಬಳಿ, ಇನ್ನೊಂದು ಸಾಮ್ರಾಟನ ಕಚೇರಿಯಲ್ಲಿ. ಚೀಲದ ಜೊತೆಗೊಂದು ಸಣ್ಣ ಪುಸ್ತಕ. ಚೀಲ ಯಾವ ಠಾಣೆಗೆ ಎಷ್ಟು ಗಂಟೆಗೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಪ್ರತಿ ಠಾಣೆಯವನೂ ಅದರಲ್ಲಿ ಬರೆಯಬೇಕು. ದಾರಿಯಲ್ಲಿ ಯಾರು ಅರ್ಧ ಗಂಟೆ ಕಳೆದರು ಎಂಬುದು ಪುಸ್ತಕ ಬಿಡಿಸಿದರೆ ತಿಳಿಯುತ್ತಿತ್ತು, ದಂಡ ಬೀಳುತ್ತಿತ್ತು. ಇಂದು ನಮ್ಮ ಮನೆಗೆ ಬರುವ ಪಾರ್ಸೆಲ್ ಯಾವ ಊರು ದಾಟಿತೆಂದು ಮೊಬೈಲಿನಲ್ಲಿ ನೋಡುತ್ತೇವಲ್ಲ, ಆ ಪುಸ್ತಕ ಮಾಡುತ್ತಿದ್ದದ್ದೂ ಅದೇ ಕೆಲಸ. ಮಿಲಾನ್‌ಗೆ ಬರೆದ ಪತ್ರಕ್ಕೆ ಪ್ಯಾರಿಸ್‌ನಲ್ಲಿ ಎಂಟನೆಯ ದಿನ ಉತ್ತರ ಸಿಗುತ್ತಿತ್ತು, ನೇಪಲ್ಸ್‌ಗೆ ಬರೆದದ್ದಕ್ಕೆ ಹದಿನೈದನೆಯ ದಿನ ಎಂದು ಲವಾಲೆಟ್ ಹೆಮ್ಮೆಯಿಂದ ನೆನಪಿಸಿಕೊಂಡಿದ್ದಾನೆ. ಜನರ ಖಾಸಗಿ ಪತ್ರಗಳನ್ನು ಕದ್ದು ಒಡೆದು ಓದುವ ಕೋಣೆಯೂ ಇದೇ ಮನುಷ್ಯನ ಇಲಾಖೆಯಲ್ಲಿತ್ತು. ತನ್ನ ಚೀಲಕ್ಕೆ ಎರಡೇ ಬೀಗದ ಕೈ ಇಟ್ಟ ದೊರೆ ಪ್ರಜೆಗಳ ಲಕೋಟೆಗೆ ಆ ಮರ್ಯಾದೆ ಕೊಡಲಿಲ್ಲ. ಇದನ್ನು ಮರೆತು ಅವನ ಅಂಚೆಯನ್ನು ಹೊಗಳಲು ನನಗೆ ಮನಸ್ಸಿಲ್ಲ.

ಕುದುರೆಗಿಂತ ವೇಗದ್ದೂ ಒಂದಿತ್ತು. ಗೋಪುರಗಳ ಮೇಲೆ ಮರದ ತೋಳುಗಳನ್ನು ತಿರುಗಿಸಿ, ದುರ್ಬೀನಿನಲ್ಲಿ ನೋಡಿ, ಮುಂದಿನ ಗೋಪುರಕ್ಕೆ ಸಂಕೇತ ದಾಟಿಸುವ ಶಾಪ್ ಸಹೋದರರ ಟೆಲಿಗ್ರಾಫ್. ಪ್ಯಾರಿಸ್‌ನಿಂದ ಲೀಲ್‌ಗೆ 1794ರಲ್ಲಿ, ಸ್ಟ್ರಾಸ್‌ಬರ್ಗ್‌ಗೆ 1798ರಲ್ಲಿ ಇದರ ಸಾಲು ಬಂದಿತ್ತು. ಹಗಲು ಬೇಕು, ತಿಳಿಯಾದ ಆಕಾಶ ಬೇಕು, ಸಂದೇಶ ಚಿಕ್ಕದಾಗಿರಬೇಕು. ಮೋಡ ಕವಿದರೆ ಸಾಮ್ರಾಜ್ಯ ಕುರುಡು.

ಈ ಎರಡು ವೇಗಗಳು ಒಂದಕ್ಕೊಂದು ಡಿಕ್ಕಿ ಹೊಡೆದದ್ದು 1809ರ ಏಪ್ರಿಲ್‌ನಲ್ಲಿ. ಆಗ ಪರಿಸ್ಥಿತಿ ತಿರುವುಮುರುವಾಗಿತ್ತು. ನೆಪೋಲಿಯನ್ ಪ್ಯಾರಿಸ್‌ನಲ್ಲಿ, ಸೇನೆ ಬವೇರಿಯದಲ್ಲಿ, ಸೇನೆಯ ಹೊಣೆ ಬೆರ್ತಿಯೇ ಮೇಲೆ. ಆಸ್ಟ್ರಿಯ ಬೇಗನೆ ದಾಳಿ ಮಾಡಿದರೆ ಎಲ್ಲರೂ ಹಿಂದಕ್ಕೆ ಸರಿದು ಒಂದೆಡೆ ಸೇರಿ ಎಂದು ಗೋಪುರದ ಸಾಲಿನಲ್ಲಿ ಒಂದು ಸಂದೇಶ ಹೋಯಿತು. ಅದರ ಬೆನ್ನಿಗೇ ವಿವರವಾದ ಪತ್ರ ಕುದುರೆಯ ಮೇಲೆ ಹೊರಟಿತು. ಹವೆ ಕೆಟ್ಟು ಸಂದೇಶ ದಾರಿಯಲ್ಲೇ ನಿಂತಿತು. ಆಮೇಲೆ ಬರೆದ ಪತ್ರ ಮೊದಲು ತಲುಪಿತು. ಪತ್ರವನ್ನು ಮಾತ್ರ ಓದಿದ ಬೆರ್ತಿಯೇಗೆ ಸೇನಾನಿ ದಾವೂನ ಪಡೆ ರೇಗನ್ಸ್‌ಬರ್ಗ್‌ನಲ್ಲೇ ಇರಬೇಕೆಂದು ಅರ್ಥವಾಯಿತು. ಸೇನೆ ಎರಡು ತುಂಡಾಗಿ, ನಡುವೆ ಶತ್ರು ನುಗ್ಗುವಷ್ಟು ಜಾಗ ಬಿಟ್ಟು ನಿಂತಿತು. ಬೆರ್ತಿಯೇ ದಡ್ಡನಲ್ಲ, ವರ್ಷಗಳಿಂದ ನೆಪೋಲಿಯನ್ನನ ಆಜ್ಞೆಗಳನ್ನು ಸೇನೆಗೆ ತಿಳಿಯುವಂತೆ ಮಾಡುತ್ತಿದ್ದವನೇ ಅವನು. ಆದರೆ ಕಣ್ಣೆದುರಿನ ಪರಿಸ್ಥಿತಿ ಒಂದು, ಕೈಯಲ್ಲಿರುವ ಕಾಗದ ಇನ್ನೊಂದು ಹೇಳಿದಾಗ ಅವನು ಕಾಗದವನ್ನೇ ಹಿಡಿದುಕೊಂಡ. ಏಪ್ರಿಲ್ 17ರಂದು ನೆಪೋಲಿಯನ್ ಖುದ್ದಾಗಿ ಬಂದ ಮೇಲೆ ಗೋಜಲು ಬಿಡಿಸಿಕೊಂಡಿತು.

ಅದೇ ವರ್ಷ ಇದೇ ಕಾಯಿಲೆ ಪ್ಯಾರಿಸ್‌ನಲ್ಲಿ ಕಾಣಿಸಿಕೊಂಡಿತು. ನೆಪೋಲಿಯನ್ ವಾಗ್ರಾಮ್ ಯುದ್ಧ ಗೆದ್ದು ವಿಯೆನ್ನಾದ ಶೋನ್‌ಬ್ರುನ್ ಅರಮನೆಯಲ್ಲಿದ್ದ. ಜುಲೈ 30ರಂದು ಸುಮಾರು 40,000 ಬ್ರಿಟಿಷ್ ಸೈನಿಕರು ಹಾಲೆಂಡ್ ಕರಾವಳಿಯ ವಾಲ್ಖೆರೆನ್ ದ್ವೀಪಕ್ಕೆ ಇಳಿದರು. ಅವರ ಗುರಿ ಆಂಟ್ವರ್ಪ್ ಬಂದರು. ಪ್ಯಾರಿಸ್‌ನ ಮಂತ್ರಿಸಭೆಯಲ್ಲಿ ಒಂದೇ ಪ್ರಶ್ನೆ: ಕೇಳದೆ ಸೇನೆ ಸೇರಿಸಬಹುದೇ? ಯುದ್ಧ ಮಂತ್ರಿ ಕ್ಲಾರ್ಕ್, ಕಾಂಬಸೆರೆಸ್ ಇಬ್ಬರೂ ವಿಯೆನ್ನಾದ ಉತ್ತರ ಬರಲಿ ಎಂದರು. ಹೋಗಿಬರಲು ವಾರಕ್ಕೂ ಹೆಚ್ಚು. ಆಗ ಒಳಾಡಳಿತ ಖಾತೆಯ ಪ್ರಭಾರವೂ ಫೂಶೆಯ ಕೈಯಲ್ಲಿತ್ತು. ಅವನು ಯಾರಿಗೂ ಕಾಯದೆ ಉತ್ತರದ ಜಿಲ್ಲೆಗಳಲ್ಲಿ ರಾಷ್ಟ್ರೀಯ ರಕ್ಷಕ ದಳವನ್ನು ಕರೆಸಿಬಿಟ್ಟ. ಮಂತ್ರಿಗಳು ತಲೆ ಮೇಲೆ ಕೈ ಹೊತ್ತು ಕುಳಿತರು. ವಿಯೆನ್ನಾದಿಂದ ಬಂದ ಪತ್ರಗಳಲ್ಲಿ ಫೂಶೆಗೆ ಶಹಬ್ಬಾಸ್‌ಗಿರಿ, ಕಾದು ಕುಳಿತವರಿಗೆ ಛೀಮಾರಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೊಲಿಗೆ ತರಗತಿಯನ್ನೂ ತಾನೇ ತೀರ್ಮಾನಿಸುವ ದೊರೆ ಮಂತ್ರಿಗಳಿಗೆ ವರ್ಷಗಟ್ಟಲೆ ಕಲಿಸಿದ್ದು ಕಾಯುವುದನ್ನೇ. ಸಣ್ಣದಕ್ಕೂ ಅನುಮತಿ ಕೇಳಿ ಅಭ್ಯಾಸವಾದವರು ದೊಡ್ಡದು ಬಂದಾಗ ಒಮ್ಮೆಗೇ ಧೈರ್ಯ ತೋರಿಸಲಿ ಎಂದರೆ ಎಲ್ಲಿಂದ ತರಬೇಕು? ಇನ್ನು ಧೈರ್ಯ ತೋರಿಸಿದ ಫೂಶೆಯ ಗತಿ ನೋಡಿ. ದೂರದ ಜಿಲ್ಲೆಗಳಲ್ಲೂ ದಳ ಸೇರಿಸಲು ಹೊರಟಾಗ ಶಹಬ್ಬಾಸ್‌ಗಿರಿ ಅನುಮಾನವಾಗಿ ತಿರುಗಿತು. ಮರುವರ್ಷ ಬೇರೊಂದು ವಿಷಯದಲ್ಲಿ ಹೇಳದೆ ಕೇಳದೆ ಇಂಗ್ಲೆಂಡಿನೊಂದಿಗೆ ಸಂಧಿಯ ಮಾತು ನಡೆಸಿದ್ದು ಬಯಲಾಗಿ ಮಂತ್ರಿ ಪದವಿಯನ್ನೇ ಕಳೆದುಕೊಂಡ. ವಾಲ್ಖೆರೆನ್‌ನಲ್ಲಿ ಫ್ರಾನ್ಸನ್ನು ಉಳಿಸಿದ್ದು ಕೊನೆಗೂ ಜೌಗು ನೆಲದ ಜ್ವರ. ಬ್ರಿಟಿಷರು ಕಾಳಗದಲ್ಲಿ ಕಳೆದುಕೊಂಡದ್ದು ನೂರರ ಆಸುಪಾಸು, ಜ್ವರಕ್ಕೆ ಸುಮಾರು 4,000 ಜನ.

ಈಗ 1812. ಸೆಪ್ಟೆಂಬರ್ 14ರಂದು ನೆಪೋಲಿಯನ್ ಮಾಸ್ಕೋ ಹೊಕ್ಕ, ಅಕ್ಟೋಬರ್ 19ರಂದು ಹೊರಬಿದ್ದ. ಪ್ಯಾರಿಸ್ ನೇರ ಅಳತೆಯಲ್ಲೇ ಸುಮಾರು 2,500 ಕಿಲೋಮೀಟರ್ ದೂರ. ಲವಾಲೆಟ್ಟನ ಚೀಲ ಹದಿನಾಲ್ಕು, ಹದಿನೈದು ದಿನಕ್ಕೆ ಬರುತ್ತಿತ್ತು. ಆ ಕಾಲಕ್ಕೆ ಅದೊಂದು ಪವಾಡ. ಆದರೆ ಬೆರಳು ಮಡಚಿ ಲೆಕ್ಕ ಹಾಕಿ. ಹೋಗಲು ಹದಿನಾಲ್ಕು, ಬರಲು ಹದಿನಾಲ್ಕು, ಒಟ್ಟು ಇಪ್ಪತ್ತೆಂಟು ದಿನ. ಅವನು ಮಾಸ್ಕೋದಲ್ಲಿದ್ದದ್ದೇ ಮೂವತ್ತೈದು ದಿನ. ಮೊದಲ ವಾರ ಕೇಳಿದ ಪ್ರಶ್ನೆಗಳಿಗಷ್ಟೇ ಅಲ್ಲಿದ್ದಾಗ ಉತ್ತರ ಸಿಕ್ಕೀತು. ಮಿಕ್ಕ ಪತ್ರಗಳೆಲ್ಲ ಎರಡು ವಾರ ಹಳೆಯ ಫ್ರಾನ್ಸಿಗೆ ಬರೆದವು; ಅವು ತಲುಪುವಾಗ ಅಲ್ಲಿ ಇನ್ನೆರಡು ವಾರ ಕಳೆದಿರುತ್ತಿತ್ತು. ಪ್ಯಾರಿಸ್‌ನ ಸರ್ಕಾರಿ ನಾಟಕ ಸಂಸ್ಥೆ ಕಾಮೆದಿ ಫ್ರಾನ್ಸೇಸ್‌ನ ಆಡಳಿತದ ಕಟ್ಟಳೆಗೆ ಹಾಕಿರುವ ಸ್ಥಳ ಮತ್ತು ದಿನಾಂಕ ಮಾಸ್ಕೋ, 1812ರ ಅಕ್ಟೋಬರ್ 15. ಸುತ್ತ ಸುಟ್ಟ ಊರು, ನಾಲ್ಕು ದಿನದಲ್ಲಿ ಹಿಮ್ಮೆಟ್ಟುವಿಕೆ. ಸಾಮ್ರಾಟ ನಿಶ್ಚಿಂತನಾಗಿದ್ದಾನೆ ಎಂದು ಪ್ಯಾರಿಸ್‌ಗೆ ತೋರಿಸುವುದೂ ಅಂಥ ಕಾಗದದ ಕೆಲಸವೇ ಆಗಿತ್ತು ಎಂದು ನನಗನ್ನಿಸುತ್ತದೆ.

ದಾರಿಯೂ ಸವೆಯುತ್ತಿತ್ತು. ರಷ್ಯದ ಕೊಸಾಕ್ ಕುದುರೆ ಸವಾರರು ಠಾಣೆಗಳ ನಡುವೆ ಎರಗಿ ಚೀಲ ಕಸಿದುಕೊಳ್ಳುತ್ತಿದ್ದರು. ಮುಖ್ಯವಾದದ್ದನ್ನು ಅಂಕಿಗಳ ಗೂಢಲಿಪಿಯಲ್ಲಿ ಬರೆಯಬೇಕಾಯಿತು. ಅಕ್ಟೋಬರ್ 20ರ ಅಂಥದ್ದೊಂದು ಪತ್ರ ಉಳಿದಿದೆ. ಹಾಳೆಯ ತುಂಬ ಅಂಕಿಗಳ ಸಾಲು, ಕೆಳಗೆ ಅವಸರದಲ್ಲಿ ಗೀಚಿದ ‘ನಾಪ್’ ಎಂಬ ಅರ್ಧ ಸಹಿ. ಬಿಡಿಸಿ ಓದಿದರೆ, 22ರ ಬೆಳಗಿನ ಜಾವ ಮೂರು ಗಂಟೆಗೆ ಕ್ರೆಮ್ಲಿನ್ ಸ್ಫೋಟಿಸುತ್ತೇನೆ ಎಂದಿದೆ. ಅದು ಆಗ ಸೇನೆಯಿಂದ ದೂರವಿದ್ದ ಮಾರೆಗೆ ಬರೆದದ್ದು. 2012ರಲ್ಲಿ ಈ ಹಾಳೆ ಹರಾಜಿನಲ್ಲಿ 1,87,500 ಯೂರೋಗೆ ಹೋಯಿತು.

ಪ್ಯಾರಿಸ್‌ನಲ್ಲಿ ಒಬ್ಬ ಮನುಷ್ಯ ಈ ಹದಿನಾಲ್ಕು ದಿನದ ಅಂತರವನ್ನು ಸರಿಯಾಗಿ ಅಳೆದಿದ್ದ. ಹೆಸರು ಮಾಲೆ. ಪದವಿ ಕಳೆದುಕೊಂಡ ಜನರಲ್, ಸರ್ಕಾರದ ವಿರುದ್ಧ ಸಂಚು ಮಾಡಿ ಆರೋಗ್ಯಧಾಮವೊಂದರಲ್ಲಿ ಸೆರೆಯಾಗಿದ್ದವನು. ಅಕ್ಟೋಬರ್ 22ರ ರಾತ್ರಿ ಅಲ್ಲಿಂದ ತಪ್ಪಿಸಿಕೊಂಡ. ಜನರಲ್ ಸಮವಸ್ತ್ರ ತೊಟ್ಟು, ಜೇಬಿನಲ್ಲಿ ತಾನೇ ತಯಾರಿಸಿದ ಕಾಗದಗಳನ್ನಿಟ್ಟುಕೊಂಡು ಸೈನಿಕರ ವಸತಿಗೆ ಹೋದ. ಅಕ್ಟೋಬರ್ 7ರಂದು ಮಾಸ್ಕೋ ಎದುರು ಸಾಮ್ರಾಟ ಸತ್ತ, ಸೆನೆಟ್ ತಾತ್ಕಾಲಿಕ ಸರ್ಕಾರ ರಚಿಸಿದೆ ಎಂದು ಆ ಕಾಗದ ಹೇಳುತ್ತಿತ್ತು. 7ರಿಂದ 23ಕ್ಕೆ ಹದಿನಾರು ದಿನ. ನಿಜವಾದ ಸುದ್ದಿಯೂ ಅಷ್ಟೇ ಹೊತ್ತಿಗೆ ಬರುತ್ತಿತ್ತು! ಜ್ವರದಿಂದ ಮಲಗಿದ್ದ ದಳಪತಿ ಸೂಲಿಯೇ ಕಾಗದ ನೋಡಿ ನಂಬಿ ತನ್ನ ದಳವನ್ನೇ ಒಪ್ಪಿಸಿದ. ಜೈಲಿನಿಂದ ಇಬ್ಬರು ಜನರಲ್‌ಗಳು ಬಿಡುಗಡೆಯಾದರು. ಫೂಶೆಯ ಜಾಗಕ್ಕೆ ಬಂದಿದ್ದ ಪೊಲೀಸ್ ಮಂತ್ರಿಯನ್ನೂ ನಗರದ ಪೊಲೀಸ್ ಮುಖ್ಯಸ್ಥನನ್ನೂ ಹಿಡಿದು ಅದೇ ಜೈಲಿಗೆ ಹಾಕಿದರು. ಪ್ಯಾರಿಸ್ ಜಿಲ್ಲೆಯ ಆಡಳಿತಾಧಿಕಾರಿ ಫ್ರೋಶೋ, ಹೊಸ ಸರ್ಕಾರದ ಸಭೆಗೆಂದು ಪುರಭವನದಲ್ಲಿ ಕೋಣೆ ಸಿದ್ಧಮಾಡಿಸತೊಡಗಿದ. ಕೊನೆಗೆ ಸೇನಾ ಕಚೇರಿಯಲ್ಲಿ ಇಬ್ಬರು ಅಧಿಕಾರಿಗಳಿಗೆ ಅನುಮಾನ ಬಂದು, ಮಾಲೆಯ ಗುರುತು ಹಿಡಿದು ಕಟ್ಟಿಹಾಕಿದರು. ಬೆಳಗು ಕಳೆಯುವುದರೊಳಗೆ ಎಲ್ಲ ಮುಗಿಯಿತು. ಅಕ್ಟೋಬರ್ 29ರಂದು ಅವನನ್ನೂ ಜೊತೆಗಾರರನ್ನೂ ಗುಂಡಿಟ್ಟು ಕೊಂದರು. ಮೋಸಹೋದ ಸೂಲಿಯೇಯನ್ನೂ ಬಿಡಲಿಲ್ಲ.

ಈ ಸುದ್ದಿ ಹೊತ್ತ ಚೀಲ ನೆಪೋಲಿಯನ್ನನನ್ನು ತಲುಪಿದ್ದು ನವೆಂಬರ್ 6ರಂದು, ಹಿಮ್ಮೆಟ್ಟುವ ದಾರಿಯಲ್ಲಿ, ಹಿಮ ಬೀಳಲು ಶುರುವಾದ ಹೊತ್ತಿನಲ್ಲಿ. ಸಂಚು ಸೋತಿತ್ತಲ್ಲ, ಆದರೂ ಅವನಿಗೆ ಸಮಾಧಾನವಾಗಲಿಲ್ಲ. ಅವನಿಗೆ ಒಂದೂವರೆ ವರ್ಷದ ಮಗನಿದ್ದ, ಅಧಿಕೃತ ಉತ್ತರಾಧಿಕಾರಿ. ಸಾಮ್ರಾಟ ಸತ್ತನೆಂದು ನಂಬಿದ ಅಷ್ಟು ಅಧಿಕಾರಿಗಳಲ್ಲಿ ಒಬ್ಬನ ಬಾಯಿಂದಲೂ ಆ ಮಗುವಿನ ಹೆಸರು ಬರಲಿಲ್ಲ. ಅವರನ್ನು ಬೈಯುವುದು ಸುಲಭ. ಆದರೆ ಅವರು ಮಾಡಿದ್ದು ದಿನವೂ ಮಾಡುತ್ತಿದ್ದದ್ದನ್ನೇ: ಮೊಹರು ಇರುವ ಕಾಗದ ಬಂದರೆ ಅದರಂತೆ ನಡೆ. ಎಂಟು ವರ್ಷ ಕಾಗದವೇ ದೊರೆಯಾಗಿದ್ದ ಊರಿನಲ್ಲಿ ಮಾಲೆ ಇನ್ನೊಂದು ಕಾಗದ ತಂದಿದ್ದ, ಅಷ್ಟೆ.

ಡಿಸೆಂಬರ್ 3ರಂದು ಸೇನೆಯ 29ನೆಯ ಬುಲೆಟಿನ್ ಪ್ಯಾರಿಸ್‌ಗೆ ಹೊರಟಿತು. ಸೇನೆಯ ಸರ್ವನಾಶವನ್ನು ಮೊದಲ ಬಾರಿಗೆ ಒಪ್ಪಿಕೊಂಡ ಪ್ರಕಟಣೆ ಅದು. ಅದರ ಕೊನೆಯ ಸಾಲು ಕುಖ್ಯಾತ: ಸಾಮ್ರಾಟರ ಆರೋಗ್ಯ ಎಂದೂ ಇಷ್ಟು ಚೆನ್ನಾಗಿರಲಿಲ್ಲ. ಲಕ್ಷಾಂತರ ಮನೆಗಳಲ್ಲಿ ಮಗ ಸತ್ತನೋ ಬದುಕಿದನೋ ತಿಳಿಯದೆ ಕುಳಿತವರಿಗೆ ಆ ಸಾಲು ಎಷ್ಟು ಕ್ರೂರವಾಗಿ ಕೇಳಿಸಿರಬೇಕು. ಮಾಲೆಯ ಕಥೆ ಗೊತ್ತಿದ್ದು ಓದಿದರೆ ಅದರ ಉದ್ದೇಶ ತಿಳಿಯುತ್ತದೆ. ಸತ್ತಿದ್ದೇನೆಂದು ಇನ್ನೊಮ್ಮೆ ಯಾರೂ ನಂಬದಿರಲಿ ಎಂದು ಬರೆಸಿದ ಸಾಲು ಅದು. ಕ್ರೌರ್ಯ ಅದರಿಂದ ಕಡಿಮೆಯಾಗುವುದಿಲ್ಲ.

ಡಿಸೆಂಬರ್ 5ರಂದು ನೆಪೋಲಿಯನ್ ಸೇನೆಯನ್ನು ಬಿಟ್ಟು, ಜೊತೆಗಿದ್ದ ಆಪ್ತ ಅಧಿಕಾರಿ ಕೋಲೆಂಕೂರನ ಕಾರ್ಯದರ್ಶಿಯ ಹೆಸರಿನಲ್ಲಿ, ಗಾಡಿಯಲ್ಲೂ ಹಿಮದ ಮೇಲೆ ಜಾರುಬಂಡಿಯಲ್ಲೂ ಹಗಲಿರುಳು ಓಡಿದ. ಅಂಚೆ ಠಾಣೆಗಳಲ್ಲಿ ಕುದುರೆ ಬದಲಿಸಿಕೊಂಡು ಹದಿಮೂರು ದಿನಕ್ಕೆ ಪ್ಯಾರಿಸ್ ಮುಟ್ಟಿದ. 18ರ ನಡುರಾತ್ರಿ ಸಮೀಪಿಸುವಾಗ ಅರಮನೆಯ ಬಾಗಿಲಿಗೆ ಬಂದ. ಅವನ ಬುಲೆಟಿನ್ ಅವನಿಗಿಂತ ಒಂದೆರಡು ದಿನ ಮೊದಲಷ್ಟೇ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಕೋಣೆ ಸಿದ್ಧಮಾಡಿಸಿದ ಫ್ರೋಶೋ ಕೆಲಸ ಕಳೆದುಕೊಂಡ.

1813ರ ಏಪ್ರಿಲ್‌ನಲ್ಲಿ ಮತ್ತೆ ಯುದ್ಧಕ್ಕೆ ಹೊರಡುವ ಮುನ್ನ ಅವನು ಹೆಂಡತಿ ಮಾರಿ ಲೂಯಿಯನ್ನು ರಾಜಪ್ರತಿನಿಧಿಯಾಗಿ ನೇಮಿಸಿದ. ಈ ಬಾರಿ ಸಿಂಹಾಸನ ಖಾಲಿ ಕಾಣಬಾರದಿತ್ತು. ಜೊತೆಗೆ ಕಾಂಬಸೆರೆಸ್ ಇದ್ದ. ನೇಮಕದ ಪತ್ರದಲ್ಲೇ ಮಿತಿಗಳನ್ನೂ ಬರೆಸಿದ್ದ: ಸೆನೆಟ್ಟಿನ ಮುಂದೆ ಯಾವ ನಿರ್ಣಯವನ್ನೂ ಅವಳು ತನ್ನ ಸಹಿಯಿಂದ ಇಡುವಂತಿಲ್ಲ, ಯಾವ ಕಾನೂನನ್ನೂ ಹೊರಡಿಸುವಂತಿಲ್ಲ. ಆ ಕಡತಗಳು ಹಿಂದಿನಂತೆಯೇ ಬೀಗ ಹಾಕಿದ ಚೀಲ ಸೇರಿ, ಅವನ ಸಹಿಗಾಗಿ ಜರ್ಮನಿಯ ದಾರಿ ಹಿಡಿದವು.